ಹಳೆಯ ಮೋಟರ್‌ಸೈಕಲ್ಲಿನ ಎಂಜಿನ್ ಕಾವು: ರಾಮನಗರ ಸೀಮೆಯಲ್ಲಿ ಕಾರಣ ಮತ್ತು ಪತ್ತೆ

ಎಂಜಿನ್ನು ತಾನು ಹುಟ್ಟಿಸಿದ ಶಾಖವನ್ನು ಹೊರಹಾಕಲಾರದೆ ಮಿತಿಮೀರಿ ಕಾಯುವುದನ್ನು ಸವಾರರು ‘ಗಾಡಿ ಹೀಟ್ ಆಗ್ತಿದೆ’ ಎನ್ನುತ್ತಾರೆ. ಈಚಿನ ಬೈಕುಗಳಲ್ಲಿ ಇದನ್ನು ಮೀಟರಿನ ಕೆಂಪು ದೀಪ ತಿಳಿಸುತ್ತದೆ. ಹಿಂದಿನ ಗಾಡಿಗಳಲ್ಲಿ ಅಂಥ ದೀಪವೇ ಇರಲಿಲ್ಲ. ಪಿಕಪ್ ಸತ್ತುಹೋಗುವುದು, ಎಂಜಿನ್ನಿನ ಕಟಕಟ ಸದ್ದು, ಸುಟ್ಟ ಆಯಿಲ್ ವಾಸನೆ, ಬೂಟಿನೊಳಗೂ ತಟ್ಟುವ ಕಾವು, ಇವನ್ನೇ ಎಚ್ಚರಿಕೆಯೆಂದು ಓದಿಕೊಳ್ಳಬೇಕಾಗಿತ್ತು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಜಿಲ್ಲೆಯಾದ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಈ ಎರಡೂ ಬಗೆಯ ಗಾಡಿಗಳು ಇನ್ನೂ ಓಡಾಡುತ್ತಿವೆ. ಇಲ್ಲಿಯ ನೋಂದಣಿಯ ಕೆಎ 42 ಫಲಕದ ಮೊದಮೊದಲ ಬೈಕುಗಳು ಈಗಾಗಲೇ 15 ವರ್ಷದ ಗಡಿ ದಾಟಿ, ನೋಂದಣಿ ನವೀಕರಿಸಿಕೊಂಡು ಓಡುವ ವಯಸ್ಸಿಗೆ ಬಂದಿವೆ.

ಕಾವಿನ ಮೂಲ ಕಂಡುಹಿಡಿಯುವ ಕೆಲಸದಲ್ಲಿ ಸ್ಪ್ಯಾನರಿಗಿಂತ ಮೊದಲು ಬೇಕಾದದ್ದು ಒಂದು ಪ್ರಶ್ನೆ: ಯಾವಾಗ ಕಾಯಿತು? ಸಿಗ್ನಲ್ಲಿನಲ್ಲಿ ನಿಂತಾಗಲೋ, ಏರು ಹತ್ತುವಾಗಲೋ, ಇಳಿಜಾರಿನಲ್ಲೋ, ಬೆಳಗ್ಗೆ ಕೀ ತಿರುಗಿಸಿದ ಕ್ಷಣದಲ್ಲೋ? ಈ ನಾಲ್ಕಕ್ಕೂ ಕಾರಣಗಳು ಬೇರೆಬೇರೆ. ಇದನ್ನು ಕೇಳದೆ ನೇರವಾಗಿ ಎಂಜಿನ್ ಇಳಿಸಲು ಹೊರಡುವ ಗ್ಯಾರೇಜಿನಿಂದ ಗಾಡಿಯನ್ನು ವಾಪಸು ತರುವುದೇ ಲೇಸು.

ಶಾಖ ಎಲ್ಲಿಂದ, ಎಲ್ಲಿಗೆ

ಪೆಟ್ರೋಲ್ ಉರಿಯುವಾಗ ಸಿಲಿಂಡರಿನೊಳಗಿನ ಜ್ವಾಲೆಯ ಉಷ್ಣತೆ 2000 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆ ಶಕ್ತಿಯಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ದುಡಿಮೆಯಾಗಿ ಸಿಗುತ್ತದೆ. ಉಳಿದದ್ದರಲ್ಲಿ ಬಹುಪಾಲು ಸೈಲೆನ್ಸರಿನ ದಾರಿ ಹಿಡಿದರೆ, ಮಿಕ್ಕಿದ್ದು ಹೆಡ್ಡು, ಬ್ಲಾಕುಗಳ ಮೂಲಕ ಗಾಳಿಗೋ ನೀರಿಗೋ ಆಯಿಲಿಗೋ ಸೇರಬೇಕು. ಇದರ ಜೊತೆಗೆ ಉಜ್ಜಾಟದ ಶಾಖವೂ ಇದೆ. ಚನ್ನಪಟ್ಟಣದ ಬೊಂಬೆ ಕಸುಬಿನವರು ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದಾಗ, ಬೆಂಕಿಯೇ ಇಲ್ಲದೆ ಬರೀ ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಬಣ್ಣ ಹಿಡಿಯುತ್ತದೆ. ಆಯಿಲ್ ಕಡಿಮೆಯಾದ ಸಿಲಿಂಡರಿನಲ್ಲಿ ಪಿಸ್ಟನ್ನು ಹುಟ್ಟಿಸುವುದೂ ಇದೇ ಕಾವನ್ನು. ಅಲ್ಲಿ ಕರಗಿ ಗೋಡೆಗೆ ಮೆತ್ತಿಕೊಳ್ಳುವುದು ಮಾತ್ರ ಅಲ್ಯೂಮಿನಿಯಂ.

ಅಲ್ಯೂಮಿನಿಯಂ ಕಾದಾಗ ಎರಕದ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಪಿಸ್ಟನ್ನಿಗೂ ಅದರ ಸುತ್ತಲಿನ ಕಬ್ಬಿಣದ ಬೋರಿಗೂ ನಡುವೆ ಇರುವ ಸಂದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದ್ದು. ಕಾವು ಏರುತ್ತ ಹೋದಂತೆ ಪಿಸ್ಟನ್ನು ಬೋರಿಗಿಂತ ಬೇಗ ಹಿಗ್ಗಿ, ಸಂದು ಮುಚ್ಚಿ, ಆಯಿಲ್ ಪದರ ಹರಿದು ಹಿಡಿದುಕೊಳ್ಳುತ್ತದೆ. ‘ಸೀಜ್’ ಎನ್ನುವುದು ಇದನ್ನೇ. ಹಗುರವಾಗಿ ಸೀಜಾದ ಎಂಜಿನ್ನು ತಣಿದ ಮೇಲೆ ಕಿಕ್ಕರಿಗೆ ಬಗ್ಗಿ ಮತ್ತೆ ಹೊರಟುಬಿಡುವುದುಂಟು. ಸವಾರರು ಇದನ್ನು ರಿಪೇರಿಯೆಂದು ನಂಬಿ ಮೋಸಹೋಗುತ್ತಾರೆ. ಪಿಸ್ಟನ್ನಿನ ಮೈಮೇಲೆ ಆಗಲೇ ಗೀರು ಬಿದ್ದಿರುತ್ತದೆ, ಮುಂದಿನ ಸೀಜ್ ಇನ್ನೂ ಬೇಗ ಬರುತ್ತದೆ.

ಸೀಮೆಯ ಗಾಡಿಗಳು

ಮೈಸೂರು ಬೆಂಗಳೂರುಗಳ ನಡುವಿನ ಈ ನಾಡಿಗೆ ಮೋಟರ್‌ಸೈಕಲ್ಲು ಎರಡೂ ಕಡೆಯಿಂದ ಬಂತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ಹೊರತಂದಿತು. ಗಡಿಯಾಚೆಯ ಹೊಸೂರಿನಿಂದ 1980ರಲ್ಲಿ ಟಿವಿಎಸ್ 50 ಮೊಪೆಡ್ ಬಂತು. ಅದರ ವಂಶದ ಎಕ್ಸೆಲ್ ಗಾಡಿಗಳು ಇಂದಿಗೂ ಹಿಪ್ಪುನೇರಳೆ ಸೊಪ್ಪಿನ ಹೊರೆ, ರಾಮನಗರದ ಮಾರುಕಟ್ಟೆಗೆ ಹೋಗುವ ರೇಷ್ಮೆಗೂಡಿನ ಮೂಟೆ, ಡೇರಿಯ ಹಾಲಿನ ಕ್ಯಾನು ಹೊರುತ್ತಿವೆ. 1985ರಲ್ಲಿ ಎರಡು ತದ್ವಿರುದ್ಧ ಗಾಡಿಗಳು ಒಟ್ಟಿಗೆ ಇಳಿದವು. ಒಂದು ಯಮಹಾ ಆರ್‌ಎಕ್ಸ್ 100, ಟೂ ಸ್ಟ್ರೋಕ್, ಪಿಕಪ್ಪಿಗೆ ಹೆಸರಾದದ್ದು. ಇನ್ನೊಂದು ಹೀರೋ ಹೋಂಡಾ ಸಿಡಿ 100, ಫೋರ್ ಸ್ಟ್ರೋಕ್, ಮೈಲೇಜಿಗೆ ಹೆಸರಾದದ್ದು. 1994ರ ಸ್ಪ್ಲೆಂಡರ್ ಎರಡನೆಯದರ ದಾರಿಯನ್ನೇ ಮುಂದುವರಿಸಿತು. ಇವೆಲ್ಲವೂ ಗಾಳಿಯಿಂದಲೇ ತಂಪಾಗುವ ಎಂಜಿನ್ನುಗಳು.

1973ರಲ್ಲಿ ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ ಚಿತ್ರೀಕರಣ ಶುರುವಾಗಿ 1975ರಲ್ಲಿ ತೆರೆಗೆ ಬಂದ ‘ಶೋಲೆ’ಯ ಸೈಡ್‌ಕಾರ್ ಬೈಕು ಇವೆಲ್ಲಕ್ಕಿಂತ ಹಿಂದಿನ ಪೀಳಿಗೆಯ ಬಿಎಸ್‌ಎ. ಅದರ ಸೈಡ್‌ವಾಲ್ವ್ ರಚನೆಯಲ್ಲಿ ಹೊಗೆ ಬಿಡುವ ವಾಲ್ವು ಸಿಲಿಂಡರಿನ ಪಕ್ಕದಲ್ಲೇ ಕೂತಿರುವುದರಿಂದ ಬ್ಲಾಕಿನ ಒಂದು ಬದಿ ಯಾವಾಗಲೂ ಹೆಚ್ಚು ಕಾಯುತ್ತಿತ್ತು. ವಾಲ್ವುಗಳು ಹೆಡ್ಡಿಗೆ ಏರಿದ ಮೇಲೆ ಈ ದೋಷ ಹೋಯಿತು.

ದೀಪ ಬಂದದ್ದು ತಡವಾಗಿ. 2007ರ ಪಲ್ಸರ್ 220ರಲ್ಲಿ ಆಯಿಲ್ ಕೂಲರ್ ಇತ್ತು, ಎಂಜಿನ್ ಕಾವು ಹೆಚ್ಚಾದರೆ ತಿಳಿಸುವ ಸೂಚಕವೂ ಇತ್ತು. 2008ರಲ್ಲಿ ಯಮಹಾ ಆರ್15, 2011ರಲ್ಲಿ ಹೋಂಡಾ ಸಿಬಿಆರ್ 250ಆರ್, 2012ರಲ್ಲಿ ಕೆಟಿಎಂ ಡ್ಯೂಕ್ 200 ಮತ್ತು ಪಲ್ಸರ್ 200ಎನ್‌ಎಸ್ ಬಂದ ಮೇಲೆ ರೇಡಿಯೇಟರ್, ಕೂಲೆಂಟ್, ಫ್ಯಾನ್ ಎಂಬ ಮಾತುಗಳು ಬೈಕ್ ಗ್ಯಾರೇಜಿಗೆ ಕಾಲಿಟ್ಟವು. ಈ ಗಾಡಿಗಳು ಈಗ ಎರಡನೇ ಮೂರನೇ ಕೈ ದಾಟಿ ಹಳ್ಳಿ ಸೇರಿವೆ. ಹೀಟ್ ದೀಪದ ದೂರು ಹೆಚ್ಚಾಗಿ ಕೇಳಿಬರುವುದು ಇವುಗಳದ್ದೇ.

ದೀಪ ಹತ್ತಿದಾಗ

ರೇಡಿಯೇಟರ್ ಇರುವ ಗಾಡಿಯಲ್ಲಿ ಕೂಲೆಂಟ್ ಮೊದಲು ಎಂಜಿನ್ನಿನೊಳಗೇ ಸುತ್ತುತ್ತದೆ. ಸುಮಾರು 80 ಡಿಗ್ರಿ ದಾಟಿದಾಗ ಥರ್ಮೋಸ್ಟಾಟ್ ಬಾಯಿ ತೆರೆದು ಅದನ್ನು ರೇಡಿಯೇಟರಿಗೆ ಬಿಡುತ್ತದೆ. ನೂರರ ಆಸುಪಾಸಿನಲ್ಲಿ ಫ್ಯಾನ್ ತಿರುಗುತ್ತದೆ, ಅಲ್ಲಿಂದ ಇನ್ನೂ 10–15 ಡಿಗ್ರಿ ಏರಿದರೆ ದೀಪ ಹತ್ತುತ್ತದೆ. ಈ ಅಂಕಿಗಳು ಗಾಡಿಯಿಂದ ಗಾಡಿಗೆ ಸ್ವಲ್ಪ ಬದಲಾಗುತ್ತವೆ, ಕ್ರಮ ಮಾತ್ರ ಒಂದೇ. ರಾಮನಗರ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ. ಇಲ್ಲಿ ತೆರೆದ ಪಾತ್ರೆಯ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಹಾಗಿದ್ದೂ ರೇಡಿಯೇಟರಿನಲ್ಲಿ ಕುದಿಯದಿರಲು ಕಾರಣ ಎರಡು: ಕೂಲೆಂಟಿನ ಗ್ಲೈಕಾಲ್, ಮತ್ತು ಒಳಗೆ ಒತ್ತಡ ಹಿಡಿದಿಡುವ ಮುಚ್ಚಳ. ಮುಚ್ಚಳದ ರಬ್ಬರು ಗಟ್ಟಿಯಾಗಿ ಒತ್ತಡ ಸೋರಿದರೆ ಉಳಿದ ಎಲ್ಲವೂ ಸರಿಯಿದ್ದರೂ ಗಾಡಿ ಕುದಿಯುತ್ತದೆ. ಹತ್ತು ವರ್ಷ ದಾಟಿದ ಬೈಕಿನಲ್ಲಿ ಮೊದಲು ಬದಲಿಸಬೇಕಾದ, ಸಾಮಾನ್ಯವಾಗಿ ಯಾರೂ ಬದಲಿಸದ ಭಾಗ ಇದು.

ದೀಪ ಹತ್ತಿದ ಕೂಡಲೇ ಗಾಡಿಯನ್ನು ನೆರಳಿಗೆ ಒಯ್ದು ಎಂಜಿನ್ ಆಫ್ ಮಾಡಬೇಕು. ಕೀ ಆಫ್ ಆದ ಮೇಲೂ ಫ್ಯಾನ್ ತಿರುಗುತ್ತಿದ್ದರೆ ಅದನ್ನು ನಿಲ್ಲಿಸಲು ಹೋಗಬಾರದು. ಮುಚ್ಚಳಕ್ಕೆ ಕನಿಷ್ಠ ಅರ್ಧ ಗಂಟೆ ಕೈ ಹಾಕಬಾರದು. ಒತ್ತಡ ಬಿಟ್ಟ ಕ್ಷಣ ಒಳಗಿನ ದ್ರವ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಬ್ಲಾಕಿನ ಮೇಲೆ ತಣ್ಣೀರು ಸುರಿಯುವುದು ಈ ಸೀಮೆಯಲ್ಲಿ ಬಲವಾಗಿ ಬೇರೂರಿರುವ ಕೆಟ್ಟ ಅಭ್ಯಾಸ. ಹೊರಮೈ ಕುಗ್ಗಿ ಒಳಮೈ ಹಿಗ್ಗಿಯೇ ಉಳಿಯುವುದರಿಂದ ಹೆಡ್ಡು ಡೊಂಕಾಗುವ, ಫಿನ್ ಬಿರುಕುಬಿಡುವ ಸಾಧ್ಯತೆಯಿದೆ.

ತಣಿದ ಮೇಲೆ ‘ಯಾವಾಗ’ ಎಂಬ ಪ್ರಶ್ನೆಗೆ ಬರಬೇಕು. ಬೆಳಗ್ಗೆ ತಣ್ಣಗಿರುವ ಗಾಡಿಯಲ್ಲಿ ಕೀ ತಿರುಗಿಸಿದಾಗ ದೀಪ ಒಂದೆರಡು ಕ್ಷಣ ಹತ್ತಿ ಆರಿದರೆ ಅದು ಗಾಡಿಯ ಸ್ವಯಂ ತಪಾಸಣೆ, ದೋಷವಲ್ಲ. ಆರದೇ ಉಳಿದರೆ ಎಂಜಿನ್ನು ಕಾದಿಲ್ಲ ಎಂಬುದು ಕೈ ಮುಟ್ಟಿದರೇ ಗೊತ್ತಾಗುತ್ತದೆ, ಹಾಗಾಗಿ ದೋಷ ವೈರಿನದ್ದು ಅಥವಾ ಸೆನ್ಸರಿನದ್ದು. ಈ ಸೆನ್ಸರ್ ಕಾದಷ್ಟೂ ವಿದ್ಯುತ್ತಿಗೆ ಅದರ ತಡೆ ಇಳಿಯುತ್ತದೆ. ಆದ್ದರಿಂದ ಅದರ ವೈರು ಸವೆದು ಫ್ರೇಮಿಗೆ ತಾಗಿದರೆ ಮೀಟರಿಗೆ ‘ತುಂಬ ಬಿಸಿ’ ಎಂಬ ಸುಳ್ಳು ಸುದ್ದಿ ಹೋಗುತ್ತದೆ. ಹ್ಯಾಂಡಲ್ ತಿರುಗುವ ಜಾಗ, ಟ್ಯಾಂಕಿನ ಅಡಿ, ಇಲಿ ಕಡಿಯುವ ಸೀಟಿನ ಕೆಳಭಾಗ, ಇವು ವೈರು ಸವೆಯುವ ಮಾಮೂಲಿ ತಾಣಗಳು. ಹಂಪ್ ದಾಟುವಾಗ ಮಾತ್ರ ದೀಪ ಮಿನುಗಿದರೆ ಕನೆಕ್ಟರ್ ಸಡಿಲವಿದೆ ಅಥವಾ ಹಸಿರು ಕಿಲುಬು ಹಿಡಿದಿದೆ. ಹೈಪ್ರೆಶರ್ ನೀರಿನಲ್ಲಿ ವಾಟರ್ ವಾಶ್ ಮಾಡಿಸಿದ ಮರುದಿನ ಬರುವ ದೂರುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದೂ ಇದನ್ನೇ.

ಓಡುವಾಗ ಸರಿಯಿದ್ದು ನಿಂತಾಗ ಮಾತ್ರ ಕಾದರೆ ಫ್ಯಾನನ್ನು ನೋಡಬೇಕು. ಎಕ್ಸ್‌ಪ್ರೆಸ್‌ವೇ ಈ ದೋಷವನ್ನು ಬೇರೆ ರೀತಿಯಲ್ಲಿ ಹೊರಗೆಳೆದಿದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ನಿಷೇಧ ಬಂತು. ಬಿಡದಿ, ರಾಮನಗರ, ಚನ್ನಪಟ್ಟಣಗಳ ಬೈಕುಗಳು ಸರ್ವಿಸ್ ರಸ್ತೆಯನ್ನೂ ಊರೊಳಗಿನ ಹಳೆಯ ಹೆದ್ದಾರಿಯನ್ನೂ ಹಿಡಿದವು. ನಿಂತು ಹೊರಡುವ, ಒಂದು–ಎರಡನೇ ಗೇರಿನ ಆ ಓಟದಲ್ಲಿ ರೇಡಿಯೇಟರಿಗೆ ಗಾಳಿ ಕೊಡುವುದು ಫ್ಯಾನ್ ಮಾತ್ರ. ಫ್ಯಾನಿನ ಪ್ಲಗ್ ಬಿಚ್ಚಿ ಬ್ಯಾಟರಿಯಿಂದ ನೇರವಾಗಿ ಕರೆಂಟು ಕೊಟ್ಟು ನೋಡಿದರೆ ಅರ್ಧ ಪತ್ತೆ ಮುಗಿಯಿತು. ತಿರುಗದಿದ್ದರೆ ಮೋಟರು ಹೋಗಿದೆ. ತಿರುಗಿದರೆ ಫ್ಯೂಸ್, ರಿಲೇ, ಸ್ವಿಚ್ ಅಥವಾ ಸೆನ್ಸರ್ ಕಡೆಗೆ ನಡೆಯಬೇಕು. ಬ್ಯಾಟರಿ ಸೊರಗಿದ್ದರೂ ಫ್ಯಾನ್ ನಿಧಾನವಾಗಿ ತಿರುಗಿ ಸಾಕಷ್ಟು ಗಾಳಿ ಕೊಡಲಾರದು ಎಂಬುದನ್ನು ಮರೆಯಬಾರದು.

ನಿಂತಾಗ ಸರಿಯಿದ್ದು ವೇಗದಲ್ಲಿ ಅಥವಾ ಏರಿನಲ್ಲಿ ಕಾದರೆ ಗಾಳಿಯನ್ನು ಬಿಟ್ಟು ಕೂಲೆಂಟಿನ ಹರಿವನ್ನು ಶಂಕಿಸಬೇಕು. ಪಕ್ಕದ ಚಿಕ್ಕ ಡಬ್ಬಿಯಲ್ಲಿ ಕೂಲೆಂಟ್ ತುಂಬಿದ್ದರೂ ರೇಡಿಯೇಟರಿನಲ್ಲಿ ಇಲ್ಲದಿರಬಹುದು. ಇದು ಸವಾರರನ್ನು ಹೆಚ್ಚಾಗಿ ದಾರಿತಪ್ಪಿಸುವ ಸಂಗತಿ. ಎಂಜಿನ್ ತಣಿಯುವಾಗ ಡಬ್ಬಿಯಿಂದ ಕೂಲೆಂಟ್ ಹಿಂದಕ್ಕೆ ಎಳೆದುಕೊಳ್ಳಬೇಕು, ಮುಚ್ಚಳ ಕೆಟ್ಟಿದ್ದರೆ ಅಥವಾ ನಡುವಿನ ಸಣ್ಣ ಪೈಪು ಬಿರಿದಿದ್ದರೆ ಎಳೆದುಕೊಳ್ಳುವುದಿಲ್ಲ. ಹಾಗಾಗಿ ಗಾಡಿ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಬಾಯನ್ನೇ ತೆರೆದು ನೋಡುವುದು ಸರಿ. ಮಟ್ಟ ಇಳಿದಿದ್ದರೆ ಸೋರಿಕೆ ಹುಡುಕಬೇಕು. ವಾಟರ್ ಪಂಪಿನ ಕೆಳಗಿನ ಪುಟ್ಟ ತೂತಿನಿಂದ ಹನಿ ತೊಟ್ಟಿಕ್ಕುತ್ತಿದ್ದರೆ ಪಂಪಿನ ಸೀಲು ಹೋಗಿದೆ ಎಂದರ್ಥ. ಆ ತೂತಿಗೆ ಎಂ-ಸೀಲ್ ಮೆತ್ತಿದರೆ ಕೂಲೆಂಟ್ ಒಳಗೇ ಆಯಿಲಿನ ಕಡೆಗೆ ನುಗ್ಗುತ್ತದೆ.

ಮಟ್ಟ ಸರಿಯಿದ್ದೂ ಕಾಯುವುದಾದರೆ ರೇಡಿಯೇಟರಿನ ಮೇಲಿನ ಪೈಪನ್ನೂ ಕೆಳಗಿನ ಪೈಪನ್ನೂ ಹೋಲಿಸಬೇಕು. ಕಾವನ್ನು ದೂರದಿಂದ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಈಗ ಸಣ್ಣ ಗ್ಯಾರೇಜುಗಳಿಗೂ ಎಟಕುವಂಥದ್ದು. ಎಂಜಿನ್ ಸುಡುತ್ತಿದ್ದು ರೇಡಿಯೇಟರಿಗೆ ಹೋಗುವ ಪೈಪು ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ, ಅಥವಾ ಗಾಳಿ ಸಿಕ್ಕಿಕೊಂಡಿದೆ. ಥರ್ಮೋಸ್ಟಾಟನ್ನು ಬಿಚ್ಚಿ ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಟ್ಟರೆ ಅದು ಬಾಯಿ ತೆರೆಯುತ್ತದೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಕೆಲವರು ಅದನ್ನು ಕಿತ್ತೆಸೆದು ‘ಈಗ ಹೀಟ್ ಆಗಲ್ಲ’ ಎನ್ನುವುದುಂಟು. ಆಮೇಲೆ ಎಂಜಿನ್ನು ಬೇಕಾದಷ್ಟು ಬಿಸಿಯಾಗುವುದೇ ಇಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ರಿಂಗುಗಳು ಬೇಗ ಸವೆಯುತ್ತವೆ.

ರೇಡಿಯೇಟರಿನ ಒಳಗೆ ಕಟ್ಟಿಕೊಳ್ಳುವ ಸುಣ್ಣ ಇಲ್ಲಿಯ ನೆಲದ ಕೊಡುಗೆ. ಗ್ರಾನೈಟ್ ಬಂಡೆಯ ಈ ನಾಡಿನ ಬೋರ್‌ವೆಲ್ ನೀರು ಗಡಸು. ಹಂಡೆಯೊಳಗೆ ಬಿಳಿ ಪದರ ಕಟ್ಟುವ ಅದೇ ನೀರನ್ನು ಕೂಲೆಂಟ್ ಖಾಲಿಯಾದಾಗ ಬಾಟಲಿಯಿಂದ ಸುರಿದು ತಿಂಗಳುಗಟ್ಟಲೆ ಓಡಿಸಿದರೆ ಕಡ್ಡಿಯಷ್ಟು ಸಣ್ಣ ಕೊಳವೆಗಳು ಮುಚ್ಚುತ್ತವೆ, ಪಂಪಿನ ರೆಕ್ಕೆ ತುಕ್ಕು ಹಿಡಿಯುತ್ತದೆ. ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಯಾವ ನೀರಾದರೂ ಸರಿಯೇ. ಮನೆ ಮುಟ್ಟಿದ ಮೇಲೆ ಅದನ್ನು ಪೂರ್ತಿ ಬಸಿದು, ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಹೊಸ ಕೂಲೆಂಟ್ ತುಂಬಿ, ಗಾಳಿ ಬಿಡಿಸಬೇಕು. ಹೊರಗಿನ ಮುಖಕ್ಕೆ ಕೆಮ್ಮಣ್ಣು, ಕ್ವಾರಿಯ ದೂಳು, ಹುಳುಹುಪ್ಪಟೆ ಮೆತ್ತಿಕೊಂಡಿದ್ದರೆ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಿ ತೊಳೆಯುವುದು ಸಾಕು. ಜೋರಾದ ಪ್ರೆಶರ್ ಕೊಟ್ಟರೆ ತೆಳುವಾದ ಫಿನ್‌ಗಳು ಮಲಗಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಉಳಿಯುವುದು ಹೆಡ್ಡು, ಬ್ಲಾಕುಗಳ ನಡುವಿನ ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್. ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ರೇಡಿಯೇಟರಿನ ಬಾಯಲ್ಲಿ ಗುಳ್ಳೆ ನಿಲ್ಲದೆ ಬಂದರೆ, ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ಬಿಚ್ಚದೆ ವಿಧಿಯಿಲ್ಲ. ಚಳಿಗಾಲದಲ್ಲಿ ಅಂಗಡಿಗೆ ಹೋಗಿಬರುವಷ್ಟೇ ಓಡುವ ಗಾಡಿಯ ಆಯಿಲ್ ಮುಚ್ಚಳದಲ್ಲಿ ಸ್ವಲ್ಪ ಬಿಳಿ ನೊರೆ ಕಾಣುವುದು ತೇವದಿಂದ, ಅದಕ್ಕೆ ಹೆದರಬೇಕಿಲ್ಲ.

ದೀಪವಿಲ್ಲದ ಗಾಡಿಗಳು

ಗಾಳಿಯಿಂದ ತಂಪಾಗುವ ಎಂಜಿನ್ನಿನ ಹೆಡ್ಡು ಆರೋಗ್ಯವಾಗಿರುವಾಗಲೂ 150 ಡಿಗ್ರಿ ಮೀರುತ್ತದೆ. ಉಗುಳಿದರೆ ಚುರ್ ಎನ್ನುವುದು, ಕೈ ಇಡಲಾಗದಿರುವುದು ಕಾಯಿಲೆಯ ಲಕ್ಷಣವಲ್ಲ. ನಿಜವಾದ ಲಕ್ಷಣಗಳು ಬೇರೆ. ಅದೇ ಏರಿಗೆ ನಿನ್ನೆಗಿಂತ ಒಂದು ಗೇರ್ ಕಡಿಮೆ ಬೇಕಾಗುವುದು, ಆಕ್ಸಿಲರೇಟರ್ ತಿರುವಿದಾಗ ಒಳಗೆ ಕಲ್ಲು ಕುಲುಕಿದಂಥ ಸದ್ದು, ಕೀ ಆಫ್ ಮಾಡಿದ ಮೇಲೂ ಎಂಜಿನ್ನು ನಾಲ್ಕು ಸುತ್ತು ಓಡಿ ನಿಲ್ಲುವುದು. ಕೊನೆಯದು ಸಿಲಿಂಡರಿನೊಳಗೆ ಕಾರ್ಬನ್ನಿನ ಕೆಂಡ ಉಳಿದು ಪ್ಲಗ್ಗಿನ ಕಿಡಿಯಿಲ್ಲದೆಯೂ ಪೆಟ್ರೋಲ್ ಹೊತ್ತಿಕೊಳ್ಳುತ್ತಿದೆ ಎನ್ನುವುದರ ಗುರುತು.

ಪತ್ತೆಗೆ ಹೊರಟರೆ ಎಂಜಿನ್ನಿಗಿಂತ ಮೊದಲು ಚಕ್ರವನ್ನು ನೋಡಬೇಕು. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದಾಗ ಸಲೀಸಾಗಿ ಸುತ್ತದಿದ್ದರೆ ಬ್ರೇಕು ಹಿಡಿದುಕೊಂಡಿದೆ ಅಥವಾ ಚೈನು ಅತಿ ಬಿಗಿಯಾಗಿದೆ. ಅಂಥ ಗಾಡಿ ದಿನವಿಡೀ ಏರು ಹತ್ತುತ್ತಿದ್ದಂತೆಯೇ ಲೆಕ್ಕ. ಕ್ಲಚ್ ಪ್ಲೇಟ್ ಸವೆದು ಜಾರುತ್ತಿದ್ದರೆ ಎಂಜಿನ್ ಕೂಗು ಏರುತ್ತದೆ, ವೇಗ ಏರುವುದಿಲ್ಲ, ವ್ಯತ್ಯಾಸವೆಲ್ಲ ಶಾಖವಾಗುತ್ತದೆ. ‘ಎಂಜಿನ್ ಹೀಟ್’ ಎಂದು ಬಂದ ಗಾಡಿ ಬ್ರೇಕ್ ಸಡಿಲಿಸಿದ ಮೇಲೆ ಸರಿಹೋಗಿ ಮನೆಗೆ ಹೋಗುವುದು ಅಪರೂಪವಲ್ಲ.

ಎರಡನೆಯದು ಆಯಿಲ್. ನೂರು ಸಿಸಿ ಫೋರ್ ಸ್ಟ್ರೋಕ್ ಬೈಕಿನಲ್ಲಿರುವುದು ಒಂದು ಲೀಟರಿನ ಆಸುಪಾಸಿನ ಆಯಿಲ್. ಎಂಜಿನ್ನು, ಗೇರು, ಕ್ಲಚ್ಚು ಮೂರಕ್ಕೂ ಅದೇ ಗತಿ, ಕಾವು ಹೊತ್ತೊಯ್ಯುವ ಕೆಲಸವೂ ಅದರದ್ದೇ. ರಿಂಗ್ ಸವೆದ ಗಾಡಿ ಮುಂದಿನ ಸರ್ವಿಸಿಗೆ ಬರುವಷ್ಟರಲ್ಲಿ ಅದರ ಅರ್ಧವನ್ನೇ ಸುಟ್ಟಿರುತ್ತದೆ. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಅದರ ಕೈಪಿಡಿ ಹೇಳಿದ ಕ್ರಮದಲ್ಲಿ ಮಟ್ಟ ನೋಡಬೇಕು. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದ ಮಟ್ಟ ಲೆಕ್ಕಕ್ಕಿಲ್ಲ. ಸ್ಪ್ಲೆಂಡರ್ ಬಗೆಯ ಎಂಜಿನ್ನಿನಲ್ಲಿ ಕಾಗದದ ಫಿಲ್ಟರ್ ಬದಲು ಜಾಲರಿಯೂ ಸುತ್ತುವ ಬಟ್ಟಲೂ ಇರುತ್ತವೆ. ಆಯಿಲ್ ಬದಲಿಸಿದರೂ ಇವೆರಡನ್ನೂ ವರ್ಷಗಟ್ಟಲೆ ಯಾರೂ ತೊಳೆಯುವುದಿಲ್ಲ. ಕಾವಿಗೆ ಮದ್ದೆಂದು ದಪ್ಪ ಆಯಿಲ್ ಹಾಕುವ ರೂಢಿಯೂ ತಪ್ಪು, ಸಣ್ಣ ದಾರಿಗಳಲ್ಲಿ ಅದು ಹೆಡ್ಡಿಗೆ ತಲುಪುವುದೇ ತಡವಾಗುತ್ತದೆ.

ಗಾಳಿಗೆ ಸಂಬಂಧಿಸಿದ ಕಾರಣಗಳು ಕಣ್ಣಿಗೆ ಬೀಳುವಂಥವು. ಗದ್ದೆಯ ಕೆಸರು ಫಿನ್‌ಗಳ ನಡುವೆ ಒಣಗಿ ಗೋಡೆಯಂತೆ ಕೂತಿರುತ್ತದೆ. ಚೆಂದಕ್ಕೆಂದು ಬ್ಲಾಕಿಗೆ ದಪ್ಪ ಬಣ್ಣ ಬಳಿದಿರುತ್ತಾರೆ. ಲೆಗ್ ಗಾರ್ಡಿಗೆ ಚೀಲ, ಟಾರ್ಪಾಲು ಕಟ್ಟಿರುತ್ತಾರೆ. ಹೊರೆ ಹೊತ್ತ ಗಾಡಿಗೆ ಗಾಳಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಹೊರೆ ಗಾಳಿಯನ್ನು ತಡೆಯುತ್ತದೆ. ಹಿಂದಿನಿಂದ ಬೀಸುವ ಗಾಳಿಯಲ್ಲಿ ನಿಧಾನವಾಗಿ ಏರು ಹತ್ತುವಾಗ ಬ್ಲಾಕಿನ ಸುತ್ತ ಗಾಳಿ ನಿಂತಂತೆಯೇ ಆಗುತ್ತದೆ, ಸವಾರನಿಗೆ ತಿಳಿಯುವುದೂ ಇಲ್ಲ.

ಆಮೇಲೆ ಮಿಶ್ರಣ. ಪೆಟ್ರೋಲ್ ಉರಿಯಲು ಬೇಕಾದದ್ದಕ್ಕಿಂತ ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾದರೆ ಕಾವು ಏರುತ್ತದೆ. ಕಾರ್ಬೊರೇಟರ್ ಮತ್ತು ಹೆಡ್ ನಡುವಿನ ರಬ್ಬರು ಬಿರಿದಿರುವುದು, ಜೆಟ್‌ನಲ್ಲಿ ಕಸ ಕಟ್ಟಿರುವುದು, ಏರ್ ಫಿಲ್ಟರ್ ಕಿತ್ತಿರುವುದು, ಸದ್ದಿನ ಆಸೆಗೆ ಸೈಲೆನ್ಸರಿನ ಒಳಕೊಳವೆ ತೆಗೆದಿರುವುದು, ಎಲ್ಲವೂ ಅಲ್ಲಿಗೇ ಒಯ್ಯುತ್ತವೆ. ಜೋರಾಗಿ ಓಡಿಸಿ, ಕ್ಲಚ್ ಹಿಡಿದು ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡುವುದು ಹಳೆಯ, ಇಂದಿಗೂ ಸೋಲದ ಪರೀಕ್ಷೆ. ತುದಿ ತಿಳಿಗಂದು ಇದ್ದರೆ ಸರಿ, ಕಪ್ಪಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಒಳಗೆ ಅತಿಯಾದ ಕಾವಿದೆ. 2023ರ ನಂತರ ಬಂಕುಗಳಲ್ಲಿ ಹರಡಿದ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ಕಾರ್ಬೊರೇಟರುಗಳಲ್ಲಿ ಮಿಶ್ರಣವನ್ನು ಇನ್ನಷ್ಟು ತೆಳುಮಾಡುತ್ತದೆ. ಎಥನಾಲ್ ಉರಿಯಲು ಗಾಳಿ ಕಡಿಮೆ ಸಾಕು, ಕಾರ್ಬೊರೇಟರಿಗೆ ಅದು ಗೊತ್ತಾಗದೆ ಹಳೆಯ ಲೆಕ್ಕದಲ್ಲೇ ಗಾಳಿ ಬಿಡುತ್ತದೆ. ಮೊದಲೇ ತೆಳು ಮಿಶ್ರಣದಲ್ಲಿ ಓಡುತ್ತಿದ್ದ ಗಾಡಿ ಕಾಯಲು ಇಷ್ಟೇ ಸಾಕು. ಪ್ಲಗ್ಗು ಬೆಳ್ಳಗಾಗಿದ್ದರೆ ಸ್ಕ್ರೂ, ಸೂಜಿ ಅಥವಾ ಜೆಟ್ ಸರಿಪಡಿಸಿ ಒಂದಿಷ್ಟು ಪೆಟ್ರೋಲ್ ಹೆಚ್ಚಿಸಬಹುದು. ಹಳ್ಳಿಯಂಗಡಿಯ ಬಾಟಲಿ ಪೆಟ್ರೋಲಿನಲ್ಲಿ ಸೀಮೆಎಣ್ಣೆ ಬೆರೆತಿದ್ದರೆ ಕಟಕಟ ಸದ್ದು ಅದೇ ದಿನ ಶುರುವಾಗುತ್ತದೆ.

ವಾಲ್ವನ್ನು ಒತ್ತಿ ತೆರೆಯುವ ಟ್ಯಾಪೆಟ್ ವಿಷಯದಲ್ಲಿ ಅನುಭವಿ ಮೆಕ್ಯಾನಿಕ್ಕುಗಳು ಸದ್ದು ಮಾಡುವ ಗಾಡಿಗಿಂತ ಸದ್ದೇ ಇಲ್ಲದ ಹಳೆಯ ಗಾಡಿಗೆ ಹೆಚ್ಚು ಹೆದರುತ್ತಾರೆ, ಅದು ಸರಿಯಾದ ಹೆದರಿಕೆ. ಸಡಿಲ ಟ್ಯಾಪೆಟ್ ಕಟಕಟಿಸುತ್ತದೆ ಅಷ್ಟೆ. ಅತಿ ಬಿಗಿಯಾದ ಟ್ಯಾಪೆಟ್ ವಾಲ್ವನ್ನು ಪೂರ್ತಿ ಮುಚ್ಚಗೊಡದೆ, ಅದು ತನ್ನ ಶಾಖವನ್ನು ಸೀಟಿಗೆ ದಾಟಿಸಲಾಗದಂತೆ ಮಾಡಿ, ಅದರ ಅಂಚು ಸುಡುವಂತೆ ಮಾಡುತ್ತದೆ. ಕಿಡಿ ಹಾರುವ ಹೊತ್ತು, ಅಂದರೆ ಇಗ್ನಿಷನ್ ಟೈಮಿಂಗ್ ತಪ್ಪಿದಾಗಲೂ ಕಾವು ಏರುತ್ತದೆ. ಪಾಯಿಂಟ್ ಸವೆದ ಹಳೆಯ ಜಾವಾ, ಬುಲೆಟ್‌ಗಳಲ್ಲಿ ಇದನ್ನು ನೋಡಲೇಬೇಕು. ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಸಿಡಿಐ ಇರುವ ಗಾಡಿಗಳಲ್ಲಿ ಈ ತೊಂದರೆ ಅಪರೂಪ.

ಟೂ ಸ್ಟ್ರೋಕ್ ಮತ್ತು ಇಳಿಜಾರು

ಜಾವಾ, ಯೆಜ್ಡಿಗಳಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. ಆರ್‌ಎಕ್ಸ್ 100ರಲ್ಲಿ ಬೇರೆ ಡಬ್ಬಿಯಿಂದ ಪಂಪು ಅದನ್ನು ಎಳೆದುಕೊಡುತ್ತದೆ. ಮೊದಲನೆಯದರಲ್ಲಿ ಅಳತೆ ತಪ್ಪಿದರೆ, ಎರಡನೆಯದರಲ್ಲಿ ಪಂಪಿನ ಕೇಬಲ್ ಸಡಿಲವಾದರೆ ಅಥವಾ ನಳಿಕೆಯಲ್ಲಿ ಗಾಳಿ ಸಿಕ್ಕಿಕೊಂಡರೆ ಸೀಜ್ ಖಚಿತ. ‘ಹೊಗೆ ಜಾಸ್ತಿ’ ಎಂದು ಆಯಿಲ್ ಕಡಿಮೆ ಮಾಡುವವರು ಹೊಗೆಯ ಬದಲು ಪಿಸ್ಟನ್ನಿನ ಬೆಲೆ ಕೊಡುತ್ತಾರೆ.

ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲುಗಳು ಹೋದಾಗ ತೋರುವ ಗುರುತುಗಳು ತೀರ ಭಿನ್ನ. ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಸೇರಿ ದಟ್ಟ ಹೊಗೆ ಬರುತ್ತದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತ ಹೋಗುತ್ತದೆ. ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಗಾಳಿ ಒಳನುಗ್ಗಿ ರೇಸಿಂಗ್ ತಾನಾಗಿ ಏರಿ ಇಳಿಯದೆ ನಿಲ್ಲುತ್ತದೆ, ಪ್ಲಗ್ ಬೆಳ್ಳಗಾಗುತ್ತದೆ. ಕಾವಿನ ದೃಷ್ಟಿಯಿಂದ ಎರಡನೆಯದೇ ಘಾತಕ. ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟಿ ಹೊಗೆಯ ದಾರಿ ಕಿರಿದಾಗುವುದು ಇನ್ನೊಂದು ಕಾರಣ. ಅದರ ಶುದ್ಧಿ ಹಿಂದೆ ಪ್ರತಿ ಸರ್ವಿಸಿನ ಭಾಗವಾಗಿತ್ತು.

ಟೂ ಸ್ಟ್ರೋಕಿಗೆ ಏರಿಗಿಂತಲೂ ಇಳಿಜಾರು ಹೆಚ್ಚು ಅಪಾಯ ಎಂಬುದು ಮೊದಲ ಕೇಳ್ವಿಗೆ ವಿಚಿತ್ರವೆನಿಸಬಹುದು. ಕನಕಪುರದಿಂದ ಸಂಗಮ, ಮೇಕೆದಾಟಿನ ಕಡೆಗೆ ಕಾವೇರಿಯತ್ತ ಇಳಿಯುವ ದಾರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಎಂಜಿನ್ನಿನ ಹಿಡಿತದಲ್ಲೇ ಇಳಿದರೆ ಎಂಜಿನ್ನು ವೇಗವಾಗಿ ಸುತ್ತುತ್ತಿರುತ್ತದೆ, ಪೆಟ್ರೋಲ್ ತೀರ ಕಡಿಮೆ ಬರುತ್ತದೆ, ಪೆಟ್ರೋಲಿನ ಜೊತೆ ಬರಬೇಕಾದ ಆಯಿಲೂ ಅಷ್ಟೇ ಕಡಿಮೆ. ಹಳೆಯ ಯೆಜ್ಡಿ ಸವಾರರು ಇಳಿಜಾರಿನಲ್ಲಿ ಆಗಾಗ ಆಕ್ಸಿಲರೇಟರ್ ತಿರುವಿ ‘ಒಂದು ಗುಟುಕು’ ಕೊಡುತ್ತಿದ್ದುದು ಇದಕ್ಕಾಗಿ. ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲೆ ಇರಲೇಬೇಕು. ಸೀಜಾದ ಕ್ಷಣ ಹಿಂದಿನ ಚಕ್ರ ಹಿಡಿದುಕೊಳ್ಳುತ್ತದೆ, ಕ್ಲಚ್ ಹಿಡಿದರೆ ಮಾತ್ರ ಬಿಡುಗಡೆ.

ಬಿಡಿಭಾಗ, ಖರ್ಚು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳೂ ಶಿವಾಜಿನಗರದ ಗುಜರಿಯೂ ಈ ಸೀಮೆಯ ಹಳೆಯ ಗಾಡಿಗಳನ್ನು ಬದುಕಿಸಿವೆ. ಆದರೆ ಗುಜರಿಯ ರೇಡಿಯೇಟರ್, ಥರ್ಮೋಸ್ಟಾಟ್, ಬೇರೆ ಗಾಡಿಯ ಮುಚ್ಚಳ ತಂದು ಕೂರಿಸುವುದು ದುಡ್ಡು ಉಳಿಸುವ ದಾರಿಯಲ್ಲ. ಮುಚ್ಚಳದ ಒತ್ತಡದ ಅಂಕಿ ಅದರ ನೆತ್ತಿಯ ಮೇಲೇ ಅಚ್ಚಾಗಿರುತ್ತದೆ, ಅದು ಹೊಂದಬೇಕು. ಪತ್ತೆಯ ಕ್ರಮ ಯಾವಾಗಲೂ ಅಗ್ಗದಿಂದ ದುಬಾರಿಯ ಕಡೆಗೆ ನಡೆಯಬೇಕು. ಕೆಸರು, ಬ್ರೇಕು, ಆಯಿಲ್ ಮಟ್ಟ, ಕೂಲೆಂಟ್, ವೈರು, ಮುಚ್ಚಳ, ಪ್ಲಗ್ಗು, ಇವನ್ನು ಗಾಡಿಯ ಒಡೆಯನೇ ಮನೆಯ ಅಂಗಳದಲ್ಲಿ ನೋಡಬಹುದು. ಫ್ಯಾನು, ಥರ್ಮೋಸ್ಟಾಟ್, ಟ್ಯಾಪೆಟ್, ಕಾರ್ಬೊರೇಟರ್ ಮೆಕ್ಯಾನಿಕ್ಕಿನ ಅರ್ಧ ದಿನದ ಕೆಲಸ. ಬೋರ್ ಮಾಡಿಸುವುದು, ಗ್ಯಾಸ್ಕೆಟ್ ಬದಲಿಸುವುದು ಕಟ್ಟಕಡೆಗೆ. ಸೀಜಾದ ಗಾಡಿಗೆ ಹೊಸ ಪಿಸ್ಟನ್ ಹಾಕುವಾಗ ಸೀಜಾದದ್ದು ಏಕೆಂದು ಹೇಳಲಾರದ ಗ್ಯಾರೇಜು ಅರ್ಧ ಕೆಲಸವನ್ನಷ್ಟೇ ಮಾಡಿದೆ.

ಕೊನೆಯದಾಗಿ, ರೈತಾಪಿ ಮನೆಗಳು ಗಮನಿಸಬೇಕಾದ ಸಂಗತಿ. ಬಸಿದ ಕೂಲೆಂಟನ್ನು ಅಂಗಳಕ್ಕೋ ಕೊಟ್ಟಿಗೆಯ ಚರಂಡಿಗೋ ಸುರಿಯಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ನಾಯಿಯೋ ಕರುವೋ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಮಕ್ಕಳಿಗೂ ಅದು ಅಷ್ಟೇ ವಿಷ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಹೆಸರು ಬರೆದು, ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ.